ನಾನು ಬಿಕ್ಕುಮಣೆ ಏರಿದ್ದು

ನಮ್ಮ ಊರಿನಲ್ಲಿ ಯಾರಾದರೂ ಬಿಕ್ಕಳಿಸಿದರೆ ನೀರು ಕೊಡುವ ಪದ್ಧತಿಯಿಲ್ಲ. ಮೊದಲು "ಯಾರ ಮಗು?" ಎಂದು ಕೇಳುತ್ತಾರೆ. ಹೊರಗಿನಿಂದ ಬಂದವರಿಗೆ ಇದರಿಂದ ಇರುಸುಮುರುಸಾಗುವುದುಂಟು. ಒಮ್ಮೆ ಹೆಣ್ಣು ನೋಡಲು ಬಂದಿದ್ದ ವರನೊಬ್ಬ ಉಪ್ಪಿಟ್ಟಿನಲ್ಲಿದ್ದ ಮೆಣಸಿನಕಾಯಿ ಕಚ್ಚಿ ಬಿಕ್ಕಳಿಸಿದ. ಹೆಣ್ಣಿನ ಕಡೆಯವರೆಲ್ಲ ಒಂದೇ ಉಸಿರಿಗೆ "ಯಾರ ಮಗು?" ಎಂದರು. ವರನ ತಾಯಿ ತಟ್ಟೆ ಕೆಳಗಿಟ್ಟು ಎದ್ದೇಬಿಟ್ಟರು. ಎಷ್ಟು ಬಿಡಿಸಿ ಹೇಳಿದರೂ ಆ ಸಂಬಂಧ ಕೂಡಿಬರಲಿಲ್ಲ.

ವಿಷಯ ಇಷ್ಟೇ. ಮಗುವಿನ ಮನಸ್ಸಿನಲ್ಲಿ ಹೆದರಿಕೆಯೋ ಕಳವಳವೋ ಸೇರಿಕೊಂಡು ಹೊಟ್ಟೆ ನೋಯತೊಡಗಿದರೆ, ಆ ಹೆದರಿಕೆಗೆ ಯಾರು ಕಾರಣರೋ ಅವರಿಗೆ ಬಿಕ್ಕಳಿಕೆ ಹಿಡಿಯುತ್ತದೆ. ಮಗುವಿನ ನೋವು ಕರಗುವ ತನಕ ಬಿಡುವುದಿಲ್ಲ. ಇಬ್ಬರ ನಡುವೆ ಎಷ್ಟು ದೂರವಿದ್ದರೂ ಅಷ್ಟೆ. ಹೀಗೆ ಯಾಕೆ ಎಂದು ಕೇಳಿದವರಿಗೆ, ನಿಮ್ಮ ಊರಿನಲ್ಲಿ ಯಾಕೆ ಹೀಗಿಲ್ಲ ಎಂದು ನಾವು ಕೇಳುತ್ತೇವೆ. ಅಲ್ಲಿಗೆ ಮಾತು ಮುಗಿಯುತ್ತದೆ.

ಮಕ್ಕಳಿರುವ ಪ್ರತಿ ಮನೆಯ ಜಗಲಿಯಲ್ಲೂ ಒಂದು ಮಣೆ ಇರುತ್ತದೆ. ಅದಕ್ಕೆ ಬಿಕ್ಕುಮಣೆ ಎನ್ನುತ್ತೇವೆ. ಬಿಕ್ಕಳಿಸುವವರು ಬಂದು ಅದರ ಮೇಲೆ ಕೂರಬೇಕು. ಎದುರಿಗೆ ಮಗು. ಮಗು ಏನು ಹೇಳುತ್ತದೋ ಅದನ್ನು ಮಾಡಬೇಕು, ಬಿಕ್ಕಳಿಕೆ ನಿಲ್ಲುವ ತನಕ ಏಳುವಂತಿಲ್ಲ. ಬೀದಿಯವರು ನೋಡುತ್ತಾರೆ, ಅದನ್ನು ಬೇಡ ಎನ್ನುವಂತಿಲ್ಲ. ಹಿಂದೊಮ್ಮೆ ತಹಶೀಲ್ದಾರರೇ ತಮ್ಮ ಮಗನೆದುರು ಕೂತು, ಅವನ ಅಪ್ಪಣೆಯಂತೆ ಒಂದು ತಟ್ಟೆ ಹಾಗಲಕಾಯಿ ಪಲ್ಯವನ್ನು ನೀರಿಲ್ಲದೆ ಖಾಲಿ ಮಾಡಿದರು. ಕ್ಷೌರದಂಗಡಿಯ ಮಹದೇವುವಂತೂ ತಿಂಗಳಲ್ಲಿ ಹದಿನೈದು ದಿನ ಬಿಕ್ಕುತ್ತಲೇ ಇರುತ್ತಾನೆ, ಪಾಪ, ಅವನ ಕತ್ತರಿ ಕಂಡರೇ ಮಕ್ಕಳಿಗೆ ಹೊಟ್ಟೆ ಹಿಂಡುತ್ತದೆ. ಅದಕ್ಕೇ ನಮ್ಮ ಊರಿನ ಗಂಡಸರ ಕೂದಲು ಒಂದು ಕಡೆ ಸ್ವಲ್ಪ ಏರು, ಒಂದು ಕಡೆ ಸ್ವಲ್ಪ ತಗ್ಗು.

ನನ್ನ ಹೆಸರು ಪುಟ್ಟಚೆನ್ನಮ್ಮ. ವಯಸ್ಸು ಎಪ್ಪತ್ತೊಂದು. ಊರಿನಲ್ಲಿ ಹೊಟ್ಟೆ ನೋಡುವ ಚೆನ್ನಜ್ಜಿ ಎಂದರೆ ಯಾರು ಬೇಕಾದರೂ ಮನೆ ತೋರಿಸುತ್ತಾರೆ. ಮಗುವಿನ ಹೊಟ್ಟೆಗೆ ಕಿವಿಯಿಟ್ಟರೆ ಸಾಕು, ಇದು ತಿಂದ ನೋವೋ ನೆನೆದ ನೋವೋ ಎಂದು ಹೇಳಿಬಿಡುತ್ತೇನೆ. ತಿಂದ ನೋವಾದರೆ ಓಮದ ಕಷಾಯ. ನೆನೆದ ನೋವಾದರೆ ಸೆರಗು ಸಿಕ್ಕಿಸಿ ಬೀದಿಗಿಳಿಯುತ್ತೇನೆ, ಬಿಕ್ಕುವವರನ್ನು ಹುಡುಕಿ ಹಿಡಿಯಲು. ಮೂವತ್ತು ವರ್ಷದಲ್ಲಿ ಎಷ್ಟು ಜನರನ್ನು ಮಣೆಯ ಮೇಲೆ ಕೂರಿಸಿದ್ದೇನೆಂದು ಲೆಕ್ಕ ಇಟ್ಟಿಲ್ಲ. ಮುಚ್ಚಿಡುವುದೇಕೆ, ಆ ಕೆಲಸ ನನಗೆ ಇಷ್ಟವಾಗಿತ್ತು. ದೊಡ್ಡ ದೊಡ್ಡ ಮೀಸೆಯವರು ನನ್ನನ್ನು ಕಂಡರೆ ಬಾಯಿಗೆ ಟವೆಲ್ಲು ಒತ್ತಿಕೊಂಡು ಅಡ್ಡದಾರಿ ಹಿಡಿಯುತ್ತಿದ್ದರು.

ಅಂಥ ನನ್ನ ಮನೆಯಲ್ಲೇ ಇದು ಆಯಿತು. ನನ್ನ ಮೊಮ್ಮಗಳು ನೀಲವೇಣಿಗೆ ಒಂಬತ್ತು ವರ್ಷ. ಅವಳ ಅಪ್ಪ, ನನ್ನ ಮಗ, ದೂರದ ರೂಟಿನ ಬಸ್ಸಿಗೆ ಕಂಡಕ್ಟರ್, ಮೂರು ದಿನಕ್ಕೊಮ್ಮೆ ಬಂದು ಮಲಗೆದ್ದು ಹೋಗುತ್ತಾನೆ. ಮನೆಯಲ್ಲಿ ಇರುವವರು ನಾನು, ಸೊಸೆ ಸುಗುಣ, ನೀಲು. ನೀಲು ಶಾಲೆಯ ಖೋ ಖೋ ತಂಡದಲ್ಲಿ ಓಡುವವಳು. ಓಟ ಅಂದರೆ ಎಂಥ ಓಟ, ಮುಟ್ಟಲು ಹೋದವರ ಕೈಗೆ ಬರೀ ಗಾಳಿ ಸಿಗುತ್ತಿತ್ತು. ಜೂನ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಅವಳು ಅರ್ಧ ಜಡೆ ಹಾಕಿಸಿಕೊಂಡವಳು ಹಾಗೇ ಮುದುಡಿ ಕೂತು, "ಅಜ್ಜಿ, ಹೊಕ್ಕುಳ ಹತ್ರ ನೋಯ್ತಿದೆ" ಎಂದಳು. ಕಿವಿಯಿಟ್ಟೆ. ನೆನೆದ ನೋವು. ಸಂಶಯವೇ ಇಲ್ಲ.

ಸೀದಾ ಶಾಲೆಗೆ ಹೋದೆ. ನಾಲ್ಕನೇ ತರಗತಿಯ ಕಿಟಕಿಯಿಂದಲೇ ಕೇಳಿಸಿತು. ಗಣಿತದ ತಿಪ್ಪೇರುದ್ರಪ್ಪ ಮೇಷ್ಟ್ರು ಕರಿಹಲಗೆಯ ಮುಂದೆ ನಿಂತು, "ಹದಿನೇಳು ಮೂರ... ಹಿಕ್... ಐವತ್ತ... ಹಿಕ್" ಎನ್ನುತ್ತಿದ್ದರು. ನನ್ನನ್ನು ನೋಡಿದ ಕೂಡಲೇ ಸೀಮೆಸುಣ್ಣ ಕೆಳಗಿಟ್ಟರು.

"ಯಾರ ಮಗು ಅಂತ ನಾನು ಕೇಳಲ್ಲ ಮೇಷ್ಟ್ರೇ, ನನ್ನ ಮನೇದೇ. ಏನ್ ಮಾಡಿದ್ರಿ?"

"ಏನೂ ಇಲ್ಲ ಚೆನ್ನಮ್ಮೋರೆ. ಬೆಂಚ್ ಮೇಲೆ ನಿಲ್ಲಿಸಿ ಮಗ್ಗಿ ಹೇಳುಸ್ತೀನಿ. ತಪ್ಪಿದ್ರೆ ಮಿಕ್ಕವರು ಚಪ್ಪಾಳೆ ಹೊಡೀತಾರೆ. ತಮಾಷೆಗೆ... ಹಿಕ್."

ಆ ಸಂಜೆಯೇ ಅವರು ನಮ್ಮ ಜಗಲಿಯ ಮಣೆಯ ಮೇಲೆ ಕೂತರು. ನೀಲು, ಹದಿನೇಳರ ಮಗ್ಗಿಯನ್ನು ಕೆಳಗಿನಿಂದ ಮೇಲಕ್ಕೆ ಹೇಳಿ ಎಂದಳು. ಮೇಷ್ಟ್ರು ನೂರಾ ಮೂವತ್ತಾರರ ತನಕ ಬಂದು ಅಲ್ಲೇ ನಿಂತರು. ಬೆವರಿದರು. ಮೇಲೆ ನೋಡಿದರು, ಕೆಳಗೆ ನೋಡಿದರು. ಬೀದಿಯವರೆಲ್ಲ ಚಪ್ಪಾಳೆ ಹೊಡೆದರು. ನೀಲು ನಕ್ಕಳು, ಮೇಷ್ಟ್ರ ಬಿಕ್ಕಳಿಕೆ ನಿಂತಿತು. ಮಾರನೆಯ ದಿನದಿಂದ ಅವರು ಬೆಂಚಿನ ಆಟ ಬಿಟ್ಟರು. ಒಳ್ಳೆಯ ಮನುಷ್ಯ, ನಿಜ ಹೇಳಬೇಕು.

ಇಲ್ಲಿಗೆ ಮುಗಿಯಬೇಕಿತ್ತು. ಇಷ್ಟು ವರ್ಷ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ವಾರ ಕಳೆಯುವಷ್ಟರಲ್ಲಿ ನೀಲು ಮತ್ತೆ ಹೊಕ್ಕುಳ ಹಿಡಿದುಕೊಂಡಳು. ಮೇಷ್ಟ್ರ ಹತ್ತಿರ ಓಡಿದೆ, ಅವರಿಗೆ ಏನೂ ಇಲ್ಲ. ಇದ್ದರೂ ಇರಲಿ ಎಂದು ನನ್ನೆದುರು ಎರಡು ಲೋಟ ನೀರು ಕುಡಿದರು. ಹೆಡ್ ಮೇಡಮ್ಮನ್ನು ನೋಡಿದೆ, ಆಯಾಳನ್ನು ನೋಡಿದೆ, ಪಕ್ಕದ ಬೀದಿಯ ಕಚ್ಚುವ ನಾಯಿಯ ಯಜಮಾನನನ್ನೂ ನೋಡಿದೆ. ಊರಿಗೆ ಊರೇ ತಣ್ಣಗಿತ್ತು, ಯಾರಿಗೂ ಬಿಕ್ಕಿಲ್ಲ.

ನನಗೆ ಭಯ ಹತ್ತಿತು. ಬಿಕ್ಕುವವರಿಲ್ಲದ ನೋವು ಎಂದರೆ ಅದು ಎಂಥ ನೋವು? ಮಗುವನ್ನು ನಾನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದೆ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ "ನೋವಿದೆಯೇನೇ?" ಎಂದು ಕೇಳುತ್ತಿದ್ದೆ. ಹಲ್ಲುಜ್ಜಿ ಬಂದರೆ ಕೇಳುತ್ತಿದ್ದೆ. ತಿಂಡಿಗೆ ಮೊದಲೊಮ್ಮೆ, ತಿಂಡಿಯ ನಡುವೆ ಒಮ್ಮೆ, ಕೈ ತೊಳೆದ ಮೇಲೆ ಒಮ್ಮೆ. ಬಚ್ಚಲಮನೆಯ ಬಾಗಿಲಾಚೆ ನಿಂತು ಕೇಳುತ್ತಿದ್ದೆ. ಅಡುಗೆಮನೆಯ ಬಾಗಿಲಿನ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕಿದೆ, ಸ್ವಲ್ಪ ನೋವಿಗೆ ಒಂದು, ಜಾಸ್ತಿ ನೋವಿಗೆ ಎರಡು. ಬಾಗಿಲು ಬೆಳ್ಳಗಾಯಿತು. ಬೇಳೆ ನಿಲ್ಲಿಸಿದೆ, ಆಲೂಗಡ್ಡೆ ನಿಲ್ಲಿಸಿದೆ, ಹಾಲು ನಿಲ್ಲಿಸಿದೆ, ಕೊನೆಗೆ ಅವಳ ತಟ್ಟೆಯಲ್ಲಿ ಉಳಿದದ್ದು ಮೆತ್ತನ್ನವೂ ನನ್ನ ಕಳವಳವೂ ಮಾತ್ರ. ಓಡಿದರೆ ಹೊಟ್ಟೆ ಅಲುಗುತ್ತದೆ ಎಂದು ಖೋ ಖೋ ಬಿಡಿಸಿದೆ. ಶಾಲೆಗೆ ಹೋಗುವ ದಿನಕ್ಕಿಂತ ಮನೆಯಲ್ಲಿ ಮಲಗುವ ದಿನವೇ ಹೆಚ್ಚಾಯಿತು. ನೋವೂ ಹೆಚ್ಚಾಯಿತು.

"ಅತ್ತೆ, ಒಂದ್ ಮಾತು," ಎಂದಳು ಸುಗುಣ ಒಂದು ದಿನ, ಬಾಗಿಲನ್ನೇ ನೋಡುತ್ತಾ. "ನೀವು ಚಿಕ್ಕತ್ತೆ ಮನೆಗೆ ಹೋಗಿದ್ರಲ್ಲ ಎರಡು ದಿನ, ಆಗ ಗೀಟೇ ಇಲ್ವಲ್ಲ?"

"ಗೀಟು ಹಾಕೋಳು ನಾನು. ನಾನೇ ಇಲ್ದೆ ಗೀಟು ಎಲ್ಲಿಂದ ಬರತ್ತೆ?" ಎಂದೆ. ಆಗ ಆ ಉತ್ತರ ನನಗೆ ಬಹಳ ಸರಿಯಾಗಿ ಕಂಡಿತ್ತು.

ಈಗ ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ಆಗಸ್ಟ್ ತಿಂಗಳ ಮೊದಲ ವಾರ, ಮಧ್ಯಾಹ್ನ, ನೀಲುವಿನ ಹಣೆ ಮುಟ್ಟಿ "ಈಗ ಹೇಗಿದೆ ಕಂದ?" ಎಂದು ಕೇಳಿ ಎದ್ದೆ, ಅಡುಗೆಮನೆಗೆ ಬಂದೆ, "ಹಿಕ್" ಎಂದಿತು. ನನ್ನ ಗಂಟಲಿನಿಂದಲೇ.

ಬೆಳಿಗ್ಗೆ ತಿಂದ ಅವಲಕ್ಕಿ ಒಣಗಿತ್ತು, ಅದಕ್ಕೇ ಎಂದುಕೊಂಡೆ. ಮತ್ತೊಮ್ಮೆ ಬಂತು. ದೂರದಲ್ಲಿರುವ ತಂಗಿ ನೆನೆಸಿಕೊಂಡಿರಬೇಕು ಎಂದುಕೊಂಡೆ. ನಮ್ಮ ಊರಿನಲ್ಲಿ ಹಾಗೆ ಯಾರೂ ಅಂದುಕೊಳ್ಳುವುದಿಲ್ಲ. ಪರವೂರಿನವರು ಹಾಗೆ ಹೇಳಿದರೆ ನಾನೇ ನಗುತ್ತಿದ್ದೆ. ಆ ದಿನ ಮಾತ್ರ ತಂಗಿಯ ಪ್ರೀತಿಯ ಮೇಲೆ ನನಗೆ ಅಪಾರ ನಂಬಿಕೆ ಬಂತು. ಡಬ್ಬಿಗೆ ಕೈ ಹಾಕಿ ಒಂದು ಹಿಡಿ ಸಕ್ಕರೆ ಬಾಯಿಗೆ ಸುರಿದುಕೊಂಡೆ.

ಆಮೇಲಿನ ಆರು ವಾರ ನಾನು ಪಟ್ಟ ಪಾಡು ಯಾವ ಕಳ್ಳನೂ ಪಟ್ಟಿರಲಾರ. ಬಿಕ್ಕು ಬರುವ ಸೂಚನೆ ಕಂಡರೆ ದೇವರಮನೆಗೆ ನುಗ್ಗಿ ಗಂಟೆ ಬಾರಿಸುತ್ತಿದ್ದೆ. ದಿನಕ್ಕೆ ಇಪ್ಪತ್ತು ಸಲ ಪೂಜೆ. ನಮ್ಮ ಮನೆಯಲ್ಲಿ ಏನೋ ವ್ರತ ಹಿಡಿದಿದ್ದಾರೆಂದು ಅಕ್ಕಪಕ್ಕದವರು ಪ್ರಸಾದಕ್ಕೆ ಬರತೊಡಗಿದರು. ಉಸಿರು ಹಿಡಿದೆ, ಬಗ್ಗಿ ನೀರು ಕುಡಿದೆ, ಕಾಳುಮೆಣಸು ಅಗಿದೆ. ಬೇರೆ ಮಕ್ಕಳ ಹೊಟ್ಟೆ ನೋಡಲು ಕರೆ ಬಂದರೆ ಮೊಣಕಾಲು ನೋವೆಂದು ಸುಳ್ಳು ಹೇಳಿದೆ. ಇದಕ್ಕಿಂತ ನಾಚಿಕೆಯ ಕೆಲಸ ಇನ್ನೊಂದು ಮಾಡಿದೆ, ಅದನ್ನೂ ಹೇಳಿಬಿಡುತ್ತೇನೆ. ಸುಗುಣಳ ಹಿಂದೆ ಬಿದ್ದೆ.

"ಏನೇ, ಆಗಾಗ ಬಾಯಿ ಮುಚ್ಕೋತೀಯಲ್ಲ, ಬಿಕ್ಕು ಬರ್ತಿಲ್ಲ ತಾನೇ?"

"ಆಕಳಿಕೆ ಅತ್ತೆ."

"ಮಗೂನ ಓದು ಅಂತ ಗದರಿದೀಯ ನೀನು."

"ನಾನೆಲ್ಲಿ ಗದರ್ದೆ? ಪುಸ್ತಕ ಮುಟ್ಟಕ್ಕೆ ನೀವೇ ಬಿಡ್ತಿಲ್ವಲ್ಲ," ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನಾನು ಗಂಟೆ ಬಾರಿಸಲು ಓಡಿದೆ.

ನಾನು ಇಷ್ಟೆಲ್ಲ ಮುಚ್ಚಿಟ್ಟದ್ದು ಮರ್ಯಾದೆಗೆ ಅಂಜಿ ಎಂದರೆ ಅರ್ಧ ನಿಜ. ಉಳಿದರ್ಧ ಏನೆಂದರೆ, ನನಗೆ ಅದು ಅರ್ಥವೇ ಆಗಿರಲಿಲ್ಲ. ಬಿಕ್ಕುವವರು ಎಂದರೆ ಮಗುವನ್ನು ಹೆದರಿಸಿದವರು, ಹೀಯಾಳಿಸಿದವರು, ಬೈದವರು. ಊರಿಗೆ ಊರೇ ಹಾಗೆ ನಂಬಿತ್ತು, ನಂಬಿಸಿದವಳೂ ನಾನೇ. ನಾನು ಆ ಮಗುವಿಗೆ ಒಂದು ಗಟ್ಟಿ ಮಾತು ಆಡಿದವಳಲ್ಲ. ಅವಳ ಹೊಟ್ಟೆಗಾಗಿ ನನ್ನ ಊಟ ನಿದ್ದೆ ಬಿಟ್ಟವಳು ನಾನು. ನನಗೇಕೆ ಬಿಕ್ಕಬೇಕು?

ಸೆಪ್ಟೆಂಬರಿನಲ್ಲಿ ಸುಗುಣ ನನ್ನನ್ನು ಕೇಳದೆ ನೀಲುವನ್ನು ಡಾಕ್ಟರ್ ಅಂಬುಜಾಕ್ಷಿಯವರ ಹತ್ತಿರ ಹೊರಡಿಸಿದಳು. ನಾನೂ ಹಟ ಹಿಡಿದು ಹೋದೆ. ಡಾಕ್ಟರಮ್ಮ ನಲವತ್ತರ ಹೆಂಗಸು, ಅವಸರವಿಲ್ಲದವರು. ಹೊಟ್ಟೆ ಒತ್ತಿ ನೋಡಿದರು, ತೂಕ ಎತ್ತರ ನೋಡಿದರು, ರಕ್ತ, ಮೂತ್ರ, ಸ್ಕ್ಯಾನು ಎಲ್ಲ ಮಾಡಿಸಿದರು. ಎರಡನೇ ಸಲ ಹೋದಾಗ ಕಾಗದಗಳನ್ನು ಮುಂದಿಟ್ಟುಕೊಂಡು, "ಎಲ್ಲಾ ಸರಿಯಾಗಿದೆ. ಹುಣ್ಣಿಲ್ಲ, ಗಡ್ಡೆ ಇಲ್ಲ, ಹುಳ ಇಲ್ಲ" ಎಂದರು.

"ಹಾಗಾದ್ರೆ ಮಗು ಸುಳ್ಳು ಹೇಳ್ತಿದೆ ಅಂತೀರಾ?" ಎಂದು ನಾನು ಮೇಲೆ ಬಿದ್ದೆ.

"ಇಲ್ಲ ಅಜ್ಜಿ. ನೋವು ನಿಜ. ನಿಮ್ಮ ಬೀದೀಲಿ ನಾಯಿ ಇದೆಯಾ?"

"ಇದೆ."

"ಒಂದು ಸಲ ಕಳ್ಳ ಬಂದ ಅನ್ಕೊಳ್ಳಿ. ನಾಯಿ ಬೊಗಳ್ತು. ಕಳ್ಳ ಹೋದ. ಆದ್ರೆ ನಾಯಿ ಅವತ್ತಿಂದ ಪೋಸ್ಟ್‌ಮನ್ ಬಂದ್ರೂ ಬೊಗಳತ್ತೆ, ಎಲೆ ಬಿದ್ರೂ ಬೊಗಳತ್ತೆ. ಬೊಗಳೋದು ಸುಳ್ಳಲ್ಲ. ಕಳ್ಳ ಮಾತ್ರ ಇಲ್ಲ. ಹೊಟ್ಟೆ ಸುತ್ತ ನರಗಳ ದೊಡ್ಡ ಬಲೆ ಇದೆ. ಅದಕ್ಕೂ ತಲೆಗೂ ಯಾವಾಗ್ಲೂ ಮಾತುಕತೆ. ಮಗು ಗಾಬರಿಯಾದಾಗ ಆ ನರಗಳು ಎಚ್ಚರ ಆಗ್ತವೆ. ಕೆಲವು ಮಕ್ಕಳಲ್ಲಿ ಆಮೇಲೂ ಮಲಗೋದೇ ಇಲ್ಲ. ಅನ್ನ ಕರಗೋದು, ಗಾಳಿ ಓಡಾಡೋದು, ನಮಗೆ ನಿಮಗೆ ಗೊತ್ತೇ ಆಗದೇ ಇರೋದೆಲ್ಲ ಅವರಿಗೆ ನೋವಾಗಿ ಕೇಳ್ಸತ್ತೆ."

ನೀಲು ಬಾಯಿ ತೆರೆದು ಕೇಳುತ್ತಿದ್ದಳು. ತನ್ನ ಹೊಟ್ಟೆಯಲ್ಲಿ ನಾಯಿ ಇರುವುದು ಅವಳಿಗೆ ಹಿಡಿಸಿದಂತಿತ್ತು.

"ಮತ್ತೆ ಏನು ಮಾಡ್ಬೇಕು ಮೇಡಂ?" ಎಂದಳು ಸುಗುಣ.

"ನಾಯಿಗೆ ಕಳ್ಳ ಇಲ್ಲ ಅಂತ ಗೊತ್ತಾಗ್ಬೇಕು. ಸ್ಕೂಲು, ಆಟ, ಎಲ್ಲರ ಹಾಗೆ ಊಟ, ಹೊತ್ತಿಗೆ ಸರಿಯಾಗಿ ನಿದ್ದೆ. ನೋವು ಬಂದ್ರೆ ಮಲಗಿ, ಹೊಟ್ಟೆ ಮೇಲೆ ಪುಸ್ತಕ ಇಟ್ಕೊಂಡು ನಿಧಾನ ಉಸಿರಾಡ್ಲಿ, ಪುಸ್ತಕ ಏರಿ ಇಳೀಬೇಕು. ಜ್ವರ, ವಾಂತಿ, ತೂಕ ಇಳಿಯೋದು, ಹಾಗೇನಾದ್ರೂ ಆದ್ರೆ ತಕ್ಷಣ ನನ್ನ ಹತ್ರ ಬನ್ನಿ. ಇಲ್ದಿದ್ರೆ ನೋವಿನ ಸುದ್ದಿ ಎತ್ತಬೇಡಿ. ಮನೇಲಿ ದಿನಕ್ಕೆ ಎಷ್ಟು ಸಲ ಕೇಳ್ತೀರಿ, ಹೊಟ್ಟೆ ನೋಯ್ತಾ ಅಂತ?"

ಸುಗುಣ ನೆಲ ನೋಡಿದಳು. ನೀಲು ನನ್ನ ಮುಖ ನೋಡಿದಳು. ಆ ಕೋಣೆಯಲ್ಲಿ ಬಾರಿಸಲು ಒಂದು ಗಂಟೆಯೂ ಇರಲಿಲ್ಲ.

"ಹಿಕ್" ಎಂದೆ.

ಡಾಕ್ಟರಮ್ಮನ ಪೆನ್ನು ನಿಂತಿತು. ಪರದೆಯಾಚೆ ಕೂತಿದ್ದ ರೋಗಿಗಳೆಲ್ಲ ಒಂದೇ ದನಿಯಲ್ಲಿ "ಯಾರ ಮಗು?" ಎಂದರು. ಅಭ್ಯಾಸಬಲ.

"ಅವಲಕ್ಕಿ," ಎಂದೆ ನಾನು. ಆಮೇಲೆ ನಾಲ್ಕು ಸಲ ಬಿಕ್ಕಿದೆ.

ನಾವು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಮಾರನೆಯ ದಿನ ಶನಿವಾರ, ಮಧ್ಯಾಹ್ನ ಎರಡು ಗಂಟೆಗೆ ನಮ್ಮ ಜಗಲಿಯ ಮುಂದೆ ಜಾತ್ರೆಯಷ್ಟು ಜನ. ನಾನು ಮಣೆಯ ಮೇಲೆ ಕೂರಿಸಿದ್ದವರಲ್ಲಿ ಬದುಕಿರುವವರೆಲ್ಲ ಬಂದಿದ್ದರು ಎಂದು ಕಾಣುತ್ತದೆ. ತಹಶೀಲ್ದಾರರು ನಿವೃತ್ತರಾಗಿದ್ದರೂ ಕುರ್ಚಿ ತರಿಸಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದರು. ತಿಪ್ಪೇರುದ್ರಪ್ಪ ಮೇಷ್ಟ್ರು ತಾವೇ ಮಣೆ ಎತ್ತಿ ತಂದು, ಹೆಗಲ ಟವೆಲ್ಲಿನಿಂದ ಎರಡು ಸಲ ಒರೆಸಿ, "ಕೂತ್ಕೊಳ್ಳಿ ಚೆನ್ನಮ್ಮೋರೆ, ನಿಧಾನ" ಎಂದರು. ಅವರ ಮುಖದಲ್ಲಿ ಅಷ್ಟು ಕಳೆ ನಾನು ಹಿಂದೆ ಕಂಡಿರಲಿಲ್ಲ. ಮಹದೇವು ಮಾತ್ರ ಪಕ್ಕಕ್ಕೆ ಬಂದು ಮೆಲ್ಲಗೆ, "ಅಜ್ಜಿ, ಉಸಿರು ಹಿಡಿದ್ರೆ ಹೋಗಲ್ಲ, ಸುಮ್ನೆ ಬಿಟ್ಬಿಡಿ, ನನಗೆ ಅನುಭವ ಇದೆ" ಎಂದ. ಸುಗುಣ ಕಾಫಿ ತಂದಿಟ್ಟಳು. "ಸಕ್ಕರೆ ಹಾಕಿಲ್ಲ ಅತ್ತೆ. ಡಬ್ಬ ಖಾಲಿಯಾಗಿದೆ," ಎಂದಳು. ನಗಲಿಲ್ಲ. ನಗುವ ಹಕ್ಕು ಅವಳಿಗಿತ್ತು.

ನೀಲು ಎದುರಿಗೆ ಕೂತಳು. ಲಂಗ ಸರಿಮಾಡಿಕೊಂಡಳು. ನಾನು ಸೋತುಹೋಗಿದ್ದೆ.

"ಹೇಳು ಕಂದ, ಏನು ಮಾಡ್ಲಿ? ಹಿಕ್."

"ಕೇಳಬೇಡ ಅಜ್ಜಿ," ಎಂದಳು.

"ಏನನ್ನ?"

"ಅದನ್ನೇ."

ಇಷ್ಟೇನಾ ಎಂದುಕೊಂಡೆ. ಹಾಗಲಕಾಯಿಗಿಂತ ಸುಲಭ. ತುಟಿ ಬಿಗಿದು ಕೂತೆ. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು. ಬಿಕ್ಕು ಹಾಗೇ ಬರುತ್ತಿತ್ತು. ಜನ ಕಡಲೆಕಾಯಿ ಬಿಡಿಸಿ ತಿನ್ನುತ್ತಾ ನೋಡುತ್ತಿದ್ದರು.

"ಬಾಯಲ್ಲಿ ಕೇಳ್ತಿಲ್ಲ, ಕಣ್ಣಲ್ಲಿ ಕೇಳ್ತಿದೀಯ," ಎಂದಳು ನೀಲು.

ಕಣ್ಣು ಮುಚ್ಚಿದೆ.

"ಈಗ ಹುಬ್ಬಲ್ಲಿ."

ಜನ ಗೊಳ್ಳೆಂದು ನಕ್ಕರು. ನನಗೆ ತಡೆಯಲಾಗಲಿಲ್ಲ. ಎಲ್ಲರೆದುರೂ ಅಳು ಬಂದುಬಿಟ್ಟಿತು. "ನನಗೂ ನಿನ್ನ ವಯಸ್ಸಲ್ಲಿ ಒಂದು ವರ್ಷ ಹೊಟ್ಟೆ ನೋಯ್ತು ಕಣೇ. ನಾಟಕ ಆಡ್ತಾಳೆ ಅಂದ್ರು. ಶನಿವಾರ ಶನಿವಾರ ಹಿಡ್ಕೊಂಡು ಹರಳೆಣ್ಣೆ ಕುಡಿಸಿದ್ರು. ಮನೇಲಿ ಹದಿಮೂರು ಜನ ಇದ್ರು, ಒಬ್ಬರಾದ್ರೂ ಹೇಗಿದೀಯ ಅಂತ ಕೇಳ್ಲಿಲ್ಲ. ನನ್ನ ಮಗೂಗೆ ಹಾಗಾಗಬಾರದು ಅಂತ ಕೇಳ್ದೆ. ನಂಗೆ ಭಯ ನೀಲು. ನಿಂಗೇನಾದ್ರೂ ಆಗ್ಬಿಟ್ರೆ ಅಂತ ಭಯ. ಹಿಕ್."

ನಗು ನಿಂತಿತು. ತಹಶೀಲ್ದಾರರು ಕಡಲೆಕಾಯಿ ಸಿಪ್ಪೆಯನ್ನು ಜೇಬಿಗೆ ಹಾಕಿಕೊಂಡರು.

ನೀಲು ಹತ್ತಿರ ಸರಿದು ನನ್ನ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ನಂಗೂ ಭಯ ಅಜ್ಜಿ. ಮೊದಲು ಮಗ್ಗಿ ಭಯ ಇತ್ತು. ಈಗ ನೀನು ಕೇಳ್ತೀಯಲ್ಲ, ಆಗ ನಿನ್ನ ಮುಖ ನೋಡ್ತೀನಿ. ಅಜ್ಜಿಗೆ ಎಲ್ಲಾ ಗೊತ್ತು, ಅಜ್ಜಿ ಮುಖಾನೇ ಹೀಗಿದೆ ಅಂದ್ರೆ ನಂಗೇನೋ ದೊಡ್ಡದಾಗಿದೆ ಅನ್ಸತ್ತೆ. ಆಗ ಹೊಟ್ಟೆ ಹತ್ರ ನೋಡ್ಕೋತೀನಿ. ಅಲ್ಲಿ ಇರತ್ತೆ, ನೋವು."

ಮೂವತ್ತು ವರ್ಷ ಮಕ್ಕಳ ಹೊಟ್ಟೆಗೆ ಕಿವಿ ಕೊಟ್ಟವಳು ನಾನು. ಈ ಮಾತು ಯಾವ ಹೊಟ್ಟೆಯಲ್ಲೂ ಕೇಳಿಸಿರಲಿಲ್ಲ. ಏಕೆಂದರೆ ಮಗುವಿನ ಬಾಯಿಗೆ ನಾನು ಕಿವಿ ಕೊಟ್ಟೇ ಇರಲಿಲ್ಲ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ನಾಲ್ಕು ಗಂಟೆಗೆ ಶಾಲೆಯ ಮೈದಾನದಲ್ಲಿ ಕೆರೆಕೋಡಿಯ ಶಾಲೆಯವರ ಮೇಲೆ ಖೋ ಖೋ ಆಟವಿದೆ, ತಂಡಕ್ಕೆ ಒಬ್ಬಳು ಕಡಿಮೆ ಬೀಳುತ್ತಿದ್ದಾಳೆ ಎಂದರು. ಹೇಳಿ ನನ್ನ ಕಡೆ ನೋಡಿದರು. ಎಲ್ಲರೂ ನನ್ನ ಕಡೆಯೇ ನೋಡಿದರು. ಓಡಿದರೆ ಅಲುಗುತ್ತದೆ, ಮೂರು ತಿಂಗಳು ಅಭ್ಯಾಸವಿಲ್ಲ, ಬಿಸಿಲು, ಬೆಳಿಗ್ಗೆಯಷ್ಟೇ ಮುದುಡಿ ಮಲಗಿದ್ದಳು. ಅಷ್ಟೂ ಮಾತುಗಳು ನನ್ನ ಹಲ್ಲಿನ ಹಿಂದೆ ಬಂದು ಸಾಲಾಗಿ ನಿಂತವು.

"ನಾನು ಹೋಗ್ತೀನಿ," ಎಂದಳು ನೀಲು. "ಅಜ್ಜಿ, ನೀನು ಇಲ್ಲೇ ಕೂತಿರು. ಹಿಂದೆ ಬರಬಾರದು. ಯಾರನ್ನೂ ಕಳಿಸ್ಬಾರದು."

"ನೋವು..." ಎಂದುಬಿಟ್ಟೆ, ಅರ್ಧಕ್ಕೆ ನಾಲಿಗೆ ಕಚ್ಚಿಕೊಂಡೆ.

"ಸ್ವಲ್ಪ ಇದೆ. ಇರ್ಲಿ. ನಾಯಿ ಬೊಗಳ್ತಿದೆ ಅಷ್ಟೆ," ಎಂದು ಮೆಟ್ಟಿಲಿಳಿದಳು. ಜನರೆಲ್ಲ ನನ್ನನ್ನು ಬಿಟ್ಟು ಅವಳ ಹಿಂದೆ ಹೋದರು. ತಹಶೀಲ್ದಾರರು ಕುರ್ಚಿಯನ್ನೂ ಹೊರಿಸಿಕೊಂಡು ಹೋದರು.

ಜಗಲಿಯ ಮೇಲೆ ಉಳಿದವರು ನಾನೂ ಸುಗುಣಳೂ. ಅವಳು ಅಲಸಂದೆಕಾಯಿಯ ಮೊರ ತಂದು ಪಕ್ಕದಲ್ಲಿ ಕೂತಳು. ನಾನು ಬಿಕ್ಕುತ್ತಿದ್ದೆ, ಅವಳು ಬಿಡಿಸುತ್ತಿದ್ದಳು. ಮೈದಾನದಿಂದ ಆಗಾಗ ಕೂಗು ಕೇಳುತ್ತಿತ್ತು. ಪ್ರತಿ ಕೂಗಿಗೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ಅವಳು ಬಿದ್ದಳೋ, ಮುದುಡಿ ಕೂತಳೋ, ಗೆದ್ದಳೋ, ಯಾವುದೂ ಗೊತ್ತಿಲ್ಲ. ಎರಡು ಸಲ ಏಳಲು ಹೋದೆ, ಎರಡು ಸಲವೂ ಸುಗುಣ ಮೊರವನ್ನು ನನ್ನ ತೊಡೆಯ ಮೇಲಿಟ್ಟಳು. ನಾನೂ ಬಿಡಿಸತೊಡಗಿದೆ.

"ನಿನ್ನ ಮೇಲೆ ಅನುಮಾನ ಪಟ್ಟೆ ಕಣೇ," ಎಂದೆ. "ತಪ್ಪಾಯ್ತು. ಹಿಕ್."

"ಹ್ಞೂಂ ಅತ್ತೆ," ಎಂದಳು. ಇನ್ನೊಂದು ಕಾಯಿ ಬಿಡಿಸಿ, "ಇಪ್ಪತ್ತು ಸಲ ಪೂಜೆ ಮಾಡಿದ್ರಲ್ಲ, ಒಂದ್ಸಲ ಆದ್ರೂ ದೇವರಿಗೆ ಹೂವು ಏರಿಸ್ಬೇಕಿತ್ತು" ಎಂದಳು. ಇಬ್ಬರಿಗೂ ನಗು ಬಂತು. ಕಾಳುಗಳು ಬಟ್ಟಲಿಗೆ ಬೀಳುತ್ತಿದ್ದವು. ಯಾವ ಕಾಯಿಯಲ್ಲಿ ಹುಳವಿದೆ, ಯಾವುದರಲ್ಲಿ ಇಲ್ಲ ಎಂದು ವಾದ ಮಾಡುತ್ತಿದ್ದೆವು. ಮೊರ ಖಾಲಿಯಾದಾಗ ಸುಗುಣಳ ಕೈ ನಿಂತಿತು.

"ಅತ್ತೆ," ಎಂದಳು. "ನಿಮಗೆ ಬಿಕ್ಕು?"

ನಾನು ಕಾದೆ. ಗಂಟಲಿನಲ್ಲಿ ಏನೂ ಇರಲಿಲ್ಲ. ಮತ್ತೂ ಕಾದೆ. ಯಾವಾಗ ನಿಂತಿತೋ ನನಗೇ ತಿಳಿದಿರಲಿಲ್ಲ. ಅಂದರೆ ಅಲ್ಲಿ, ಕಣ್ಣಿಗೆ ಕಾಣದಷ್ಟು ದೂರದಲ್ಲಿ, ಆ ಧೂಳಿನಲ್ಲಿ ಓಡುತ್ತಿರುವವಳ ಹೊಟ್ಟೆ ಸುಮ್ಮನಾಗಿದೆ. ನಾನು ಕೇಳಿರಲಿಲ್ಲ, ಮುಟ್ಟಿರಲಿಲ್ಲ, ಕಿವಿಯಿಟ್ಟಿರಲಿಲ್ಲ. ಸಂತೋಷಕ್ಕೆ ಕಣ್ಣೀರು ಬಂತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಹೇಳಲಾರೆ. ನಾನಿಲ್ಲದೆ ಆಯಿತಲ್ಲ ಎಂದು.

ಬಿಕ್ಕು ನಿಂತ ಮೇಲೆ ಏಳಬಹುದಿತ್ತು. ಏಳಲಿಲ್ಲ.

ಐದೂವರೆಗೆ ನೀಲು ಬಂದಳು. ಮೊಣಕಾಲು ತರಚಿತ್ತು, ಒಂದು ಜಡೆ ಬಿಚ್ಚಿತ್ತು, ಮೈಯೆಲ್ಲ ಕೆಂಪು ಧೂಳು. "ಸೋತ್ವಿ!" ಎಂದಳು, ಗೆದ್ದವಳ ದನಿಯಲ್ಲಿ. ಬಂದು ನನ್ನೆದುರು ಕಾಲು ಚಾಚಿ ಕೂತಳು. ಆ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದು ಕೂತಿತ್ತು. ಇಷ್ಟು ವರ್ಷ ನನಗೆ ಬೇರೆ ಪ್ರಶ್ನೆಯೇ ಗೊತ್ತಿರಲಿಲ್ಲ. ತಡಕಾಡಿ ಒಂದನ್ನು ಹುಡುಕಿದೆ.

"ಮೊದಲು ಯಾರು ಔಟಾಗಿದ್ದು?"

ಕೇಳಿದ್ದೇ ತಡ, ಶುರುವಾಯಿತು. ಯಾರು ಖೋ ಕೊಟ್ಟರು, ಯಾರು ತಪ್ಪು ದಿಕ್ಕಿಗೆ ಓಡಿದರು, ಕೆರೆಕೋಡಿಯ ಉದ್ದ ಕಾಲಿನ ಹುಡುಗಿ ಕಂಬದ ಹತ್ತಿರ ಹೇಗೆ ಮೋಸ ಮಾಡಿದಳು, ಮೇಷ್ಟ್ರು ರೆಫರಿಯ ಮೇಲೆ ಹೇಗೆ ಕೂಗಾಡಿದರು. ಅರ್ಧ ನ್ಯಾಯ ನನಗೆ ಅರ್ಥವಾಗಲಿಲ್ಲ. "ಆಗ ಅವಳು ನನ್ನ ಹಿಂದೇನೇ ಬಂದ್ಳು ಅಜ್ಜಿ, ನಾನು ಹೀಗೆ ಬಗ್ಗಿ..." ಎಂದವಳು ಮಾತು ನಿಲ್ಲಿಸಿದಳು. ಅವಳ ಎಡಗೈ ಹೊಕ್ಕುಳ ಹತ್ತಿರ ಹೋಗಿ ಅಲ್ಲೇ ಒತ್ತಿ ನಿಂತಿತು.

ನಾನು ನೋಡಿದೆ. ನಾನು ನೋಡಿದ್ದನ್ನು ಅವಳೂ ನೋಡಿದಳು. ಬಾಗಿಲ ಹಿಂದೆ ಸುಗುಣ ಉಸಿರು ಹಿಡಿದು ನಿಂತಿದ್ದಳು.

"ಆಮೇಲೆ?" ಎಂದೆ.

ನೀಲು ಕೈ ತೆಗೆದಳು. ಆ ಉದ್ದ ಕಾಲಿನ ಹುಡುಗಿ ಕಂಬ ತಪ್ಪಿ ಹೇಗೆ ಉರುಳಿ ಬಿದ್ದಳೆಂದು ತೋರಿಸಲು ಅವಳಿಗೆ ಎರಡೂ ಕೈ ಬೇಕಾಗಿದ್ದವು.